ತಲುಪಿದ್ದಕ್ಕೆ ಎರಡಕ್ಷರ

ಜೂನ್ 4

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಅಕ್ಷರ ನೋಡಿ ನೀವು ನನ್ನ ಗುರುತು ಹಿಡಿಯಲಾರಿರಿ. ನೀವು ತಿದ್ದಿ ತೀಡಿದ ದುಂಡನೆಯ ಬರವಣಿಗೆ ಮೂವತ್ತೈದು ವರ್ಷಗಳಲ್ಲಿ ಕೋಳಿ ಕೆದರಿದಂತಾಗಿದೆ. ವಸತಿಶಾಲೆಯಲ್ಲಿ ಪ್ರತಿ ಪಾಠದ ನಡುವೆ ಕೈಯೆತ್ತಿ "ಯಾಕೆ ಸಾರ್?" ಎಂದು ಕೇಳಿ, ನಿಮ್ಮಿಂದಲೇ "ಯಾಕಮ್ಮ" ಎಂಬ ಅಡ್ಡಹೆಸರು ಪಡೆದವಳು ನಾನು. ಇಷ್ಟರಿಂದಲೂ ನೆನಪಾಗದಿದ್ದರೆ ಇನ್ನೊಂದು ಗುರುತು ಹೇಳುತ್ತೇನೆ. ಶನಿವಾರ ಮಧ್ಯಾಹ್ನ ನೀವು ಜಗಲಿಯಲ್ಲಿ ಸ್ಟೂಲು ಹಾಕಿಕೊಂಡು ಮಕ್ಕಳಿಗೆ ಮನೆಯಿಂದ ಬಂದ ಕಾಗದಗಳನ್ನು ಹಂಚುತ್ತಿದ್ದಿರಿ. ಸಾಲಿನ ಕೊನೆಯಲ್ಲಿ ಒಬ್ಬಳು ಉಳಿಯುತ್ತಿದ್ದಳು. ನೀವು ಕನ್ನಡಕ ತೆಗೆದು ಒರೆಸುತ್ತ "ನಿನಗೆ ಇಲ್ಲ" ಎನ್ನುತ್ತಿದ್ದಿರಿ. ನಾಲ್ಕು ವರ್ಷ ನಮ್ಮಿಬ್ಬರ ಖಾಸಗಿ ಮಾತುಕತೆಯೆಂದರೆ ಅಷ್ಟೇ.

ಕಾಗದ ಬರೆದ ಕಾರಣ ಮೊದಲ ಪ್ಯಾರಾದಲ್ಲೇ ಬರಬೇಕೆಂದು ಕಲಿಸಿದವರು ನೀವು. ಎರಡನೆಯದರಲ್ಲಿ ಬರುತ್ತಿದೆ, ಕ್ಷಮಿಸಿ. ನಾನು ದೂರಸಂಪರ್ಕದ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತೇನೆ. ಆಸ್ಪತ್ರೆ, ಬ್ಯಾಂಕು, ನ್ಯಾಯಾಲಯಗಳು ಒಂದಕ್ಕೊಂದು ಕಳಿಸುವ ಗುಟ್ಟಿನ ಸಂದೇಶಗಳಿಗೆ ಬೀಗವಿರುತ್ತದೆ. ಆ ಬೀಗದ ಕೀಲಿಯನ್ನು ಬೆಳಕಿನ ಒಂಟಿ ಕಣಗಳ ಮೂಲಕ ಕಳಿಸುವುದು ನಮ್ಮ ಕೆಲಸ. ಇದಕ್ಕೆ ಕ್ವಾಂಟಮ್ ವಿಧಾನ ಎನ್ನುತ್ತಾರೆ. ಇದನ್ನು ಬಳಸುವ ಗುಮಾಸ್ತರಿಗಾಗಿ ನಮ್ಮ ಭಾಷೆಯಲ್ಲಿ ಇಪ್ಪತ್ನಾಲ್ಕು ಪುಟದ ಕೈಪಿಡಿ ಬರೆಯಬೇಕೆಂದು ಮೇಲಿನವರ ಆಜ್ಞೆಯಾಗಿದೆ. ನಾನು ಬರೆದದ್ದನ್ನು ಓದಿ ನಮ್ಮ ಮುಖ್ಯಸ್ಥರು, "ಏನಮ್ಮಾ, ಇದಕ್ಕಿಂತ ಆ ಗೂಢಲಿಪೀನೇ ವಾಸಿ" ಎಂದರು. ಅದನ್ನು ಇದರೊಂದಿಗೆ ಕಳಿಸಿದ್ದೇನೆ, ನೀವು ತಿದ್ದಿಕೊಡುವಿರಾ?

ಯಂತ್ರಗಳ ಕೋಣೆಯೊಳಗೆ ಮೊಬೈಲು ಒಯ್ಯುವಂತಿಲ್ಲ. ಆದ್ದರಿಂದ ಊಟದ ಬಿಡುವಿನಲ್ಲಿ ಪೆನ್ನು ಹಿಡಿದು ಬರೆಯುತ್ತಿದ್ದೇನೆ. ಹೀಗೆ ಒಬ್ಬರಿಗೆ ಕಾಗದ ಬರೆದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಿದೆ. ಯಾರಿಗೂ ಬರೆದೇ ಇರಲಿಲ್ಲ.

ವಿಧೇಯ ವಿದ್ಯಾರ್ಥಿನಿ,
ಯಾಕಮ್ಮ


ಜೂನ್ 17

ಚಿರಂಜೀವಿ ಯಾಕಮ್ಮನಿಗೆ ಆಶೀರ್ವಾದಗಳು.

ನಿನ್ನ ಜೂನ್ 4ರ ಕಾಗದ ತಲುಪಿತು. ಯಾವ ಕಾಗದಕ್ಕೆ ಉತ್ತರ ಬರೆದರೂ ಮೊದಲು ಅದು ತಲುಪಿದ ಸಂಗತಿಯನ್ನು ತಾರೀಖಿನ ಸಮೇತ ತಿಳಿಸಬೇಕೆಂದು ನಿಮಗೆಲ್ಲ ಕಲಿಸಿದ್ದೆ. ಕಾಗದ ಕಳಿಸಿದವನ ಮೊದಲ ಆತಂಕ ಅದೇ ಆಗಿರುತ್ತದೆ.

ನಾನೀಗ ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬನ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಮೇಜು ಒಂದು, ಮಂಚ ಒಂದು, ಕುರ್ಚಿ ಒಂದು. ಎರಡನೆಯ ಕುರ್ಚಿಯ ಮೇಲೆ ದೂಳಲ್ಲದೆ ಬೇರಾರೂ ಕೂರದಿದ್ದುದರಿಂದ ಅದನ್ನು ಕೆಳಗಿನ ಅಂಗಡಿಗೇ ಕೊಟ್ಟುಬಿಟ್ಟೆ. ನಿನ್ನ ಲಕೋಟೆ ಬಂದ ದಿನ ರಟ್ಟಿನವನು ಮೆಟ್ಟಿಲ ಬುಡದಿಂದಲೇ ಕೂಗಿದ: "ಮೇಷ್ಟ್ರೇ, ನಿಮಗೊಂದು ಕಾಗದ! ಕರೆಂಟಿನವರದ್ದಲ್ಲ, ನೀರಿನವರದ್ದಲ್ಲ, ಯಾರೋ ಮನುಷ್ಯರದ್ದು!" ಅವನ ವ್ಯಂಗ್ಯವನ್ನು ಕ್ಷಮಿಸಿದ್ದೇನೆ. ವಾಕ್ಯರಚನೆ ಶುದ್ಧವಾಗಿತ್ತು.

ಕೈಪಿಡಿಯ ಮೊದಲ ಎಂಟು ಪುಟಗಳನ್ನು ತಿದ್ದಿ ಇದರೊಂದಿಗೆ ಕಳಿಸಿದ್ದೇನೆ. ಬೆನ್ನ ಹಿಂದೆ ನನ್ನನ್ನು ನೀವೆಲ್ಲ "ಕೆಂಪು ಪೆನ್ಸಿಲ್" ಎನ್ನುತ್ತಿದ್ದುದು ನನಗೆ ಗೊತ್ತಿತ್ತು. ಆ ಹೆಸರಿಗೆ ಈಗಲೂ ಚ್ಯುತಿ ತಂದಿಲ್ಲ. ವ್ಯಾಕರಣಕ್ಕಿಂತ ಮುಖ್ಯವಾದ ಒಂದು ಆಕ್ಷೇಪಣೆಯಿದೆ. ಮೂರನೆಯ ಪುಟದಲ್ಲಿ, "ಈ ವಿಧಾನದಲ್ಲಿ ನಡುವೆ ಕದ್ದು ಓದಿದವನು ಯಾವಾಗಲೂ ಸಿಕ್ಕಿಬೀಳುತ್ತಾನೆ" ಎಂದು ಬರೆದಿದ್ದೀಯೆ. ಏಕೆ ಸಿಕ್ಕಿಬೀಳಬೇಕು? ಕೆಟಲಿನ ಹಬೆಗೆ ಹಿಡಿದು ಬಿಚ್ಚಿದ ಲಕೋಟೆಯನ್ನು ಮತ್ತೆ ಅಂಟಿಸಿದರೆ ಬ್ರಹ್ಮನಿಗೂ ತಿಳಿಯದು. ಸಾಮಾನ್ಯ ಓದುಗನಿಗೆ ಏಳುವ ಈ ಸಂಶಯಕ್ಕೆ ಉತ್ತರ ಬರೆ.

ನಿನ್ನ ನೆನಪಿದೆ. ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದವಳು ಎಂಬುದೂ ನೆನಪಿದೆ.

ಇಂತು ಹಿತಚಿಂತಕ,
ಮೇಷ್ಟ್ರು


ಜುಲೈ 2

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಜೂನ್ 17ರ ಕಾಗದ ತಲುಪಿತು. ಎಂಟು ಪುಟಗಳಲ್ಲಿ ನನ್ನ ಕಪ್ಪಿಗಿಂತ ನಿಮ್ಮ ಕೆಂಪೇ ಹೆಚ್ಚಾಗಿದೆ. ಮುಖ್ಯಸ್ಥರಿಗೆ ತೋರಿಸಿದೆ. "ನಾನೂ ಇವರ ಕೈಲಿ ಓದಿದ್ದರೆ ಮನುಷ್ಯನಾಗ್ತಿದ್ದೆ ಕಣಮ್ಮಾ" ಎಂದರು.

ನಿಮ್ಮ ಸಂಶಯಕ್ಕೆ ಉತ್ತರ. ತನ್ನನ್ನು ಯಾರೋ ಓದಿದರೆಂಬುದು ಕಾಗದಕ್ಕೆ ತಿಳಿಯದು. ಬೆಳಕಿನ ಒಂಟಿ ಕಣ ಹಾಗಲ್ಲ. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯೊಳಗೆ ನಾನು ಒಂದೊಂದೇ ಕಣವನ್ನು ಬಿಡುತ್ತೇನೆ. ಕೆಲವು ನೆಟ್ಟಗೆ ನಿಂತಿರುತ್ತವೆ, ಕೆಲವು ಅಡ್ಡ ಮಲಗಿರುತ್ತವೆ, ಕೆಲವು ಎಡಕ್ಕೋ ಬಲಕ್ಕೋ ವಾಲಿರುತ್ತವೆ. ಆಚೆ ತುದಿಯಲ್ಲಿ ಎರಡು ಜರಡಿಗಳಿವೆಯೆಂದು ತಿಳಿಯಿರಿ, ಒಂದು ನೇರ, ಒಂದು ಓರೆ. ಯಾವ ಕಣಕ್ಕೆ ಯಾವುದೆಂದು ಅಲ್ಲಿ ಗೊತ್ತಿರುವುದಿಲ್ಲ. ಕಣ್ಣು ಮುಚ್ಚಿ ಒಂದನ್ನು ಹಿಡಿಯಬೇಕು. ಸರಿಯಾದದ್ದನ್ನು ಹಿಡಿದರೆ ಕಣ ನಿಜ ಹೇಳುತ್ತದೆ. ತಪ್ಪಿದರೆ ಬಾಯಿಗೆ ಬಂದದ್ದನ್ನು ಹೇಳಿ, ತಾನು ಮೊದಲು ಹೇಗಿದ್ದೆನೆಂಬುದನ್ನೇ ಮರೆತುಬಿಡುತ್ತದೆ. ಆಮೇಲೆ ಎರಡೂ ತುದಿಯವರು ಬಹಿರಂಗವಾಗಿಯೇ ಯಾವ ಜರಡಿ ಹಿಡಿದೆವೆಂದು ಹೋಲಿಸುತ್ತಾರೆ. ಏನು ಕಂಡಿತೆಂದು ಮಾತ್ರ ಹೇಳುವುದಿಲ್ಲ. ಹೊಂದಿಕೆಯಾಗದ ಕಣಗಳನ್ನು ಬಿಸಾಡಿದ ಮೇಲೆ ಉಳಿಯುವುದೇ ಕೀಲಿ.

ನಡುವೆ ಕದ್ದು ನೋಡುವವನೂ ಜರಡಿಯನ್ನು ಊಹಿಸಲೇಬೇಕು. ಅರ್ಧದಷ್ಟು ಸಲ ತಪ್ಪುತ್ತಾನೆ. ತಪ್ಪಿದಾಗಲೆಲ್ಲ ಕಣವನ್ನು ಕೆಡಿಸುತ್ತಾನೆ. ಕೀಲಿಯ ಒಂದಿಷ್ಟು ಭಾಗವನ್ನು ಬಲಿಕೊಟ್ಟು ನಾವು ತಾಳೆ ನೋಡಿದಾಗ ನೂರಕ್ಕೆ ಎರಡೋ ಮೂರೋ ತಪ್ಪುಗಳಿದ್ದರೆ ಅದು ಯಂತ್ರದ ಪಾಪ. ಹನ್ನೊಂದು ಮೀರಿತೆಂದರೆ ನಡುವೆ ಯಾರೋ ಇದ್ದಾರೆಂದು ಆ ಕೀಲಿಯನ್ನೇ ಎಸೆದು ಹೊಸದಾಗಿ ಶುರು ಮಾಡುತ್ತೇವೆ. ಆ ನಡುವಿನವರಿಗೆ ನಮ್ಮಲ್ಲಿ "ಅತ್ತೆ" ಎನ್ನುತ್ತಾರೆ. ಹೆಸರಿಟ್ಟವಳು ನಾನಲ್ಲ, ನನಗೆ ಅತ್ತೆಯ ಯೋಗವೇ ಬರಲಿಲ್ಲ. ಮದುವೆಯಾದವರು ಇಟ್ಟದ್ದು.

ಇಪ್ಪತ್ತೆರಡು ಕಿಲೋಮೀಟರ್ ಆಚೆಯ ತುದಿಯಲ್ಲಿರುವವರನ್ನು ನಾನು "ನಿಧಾನಿ" ಎಂದು ಕರೆಯುತ್ತೇನೆ. ಏಳು ವರ್ಷಗಳಲ್ಲಿ ಮೂರು ಸಲ ಮುಖ ನೋಡಿದ್ದೇನೆ. ದಿನವೂ ಗೋಡೆಯ ಫೋನಿನಲ್ಲಿ ಒಂದೇ ಮಾತು. "ಬಂತಾ?" "ಬಂತು." "ಎಷ್ಟು?" "ನೂರಕ್ಕೆ ಐದು." ಉಳಿದವು ದಾರಿಯಲ್ಲೇ ಸೋರಿಹೋಗುತ್ತವೆ. ಮೊನ್ನೆ ಅವರು ಇದ್ದಕ್ಕಿದ್ದಂತೆ "ಊಟ ಆಯ್ತಾ?" ಎಂದರು. ನಾನು ಅಭ್ಯಾಸಬಲದಿಂದ "ಎಷ್ಟು?" ಎಂದುಬಿಟ್ಟೆ. ಇಬ್ಬರೂ ನಗಲಿಲ್ಲ.

ಒಂಬತ್ತನೆಯ ಪುಟಕ್ಕೆ ಒಂದು ಉದಾಹರಣೆ ಬೇಕಾಗಿದೆ. ಎರಡು ತುದಿಯವರ ನಡುವೆ ಮೊದಲೇ ಒಂದು ಚಿಕ್ಕ ಗುಟ್ಟು ಇರಲೇಬೇಕು. ಇಲ್ಲದಿದ್ದರೆ ಆಚೆಯಿಂದ ಮಾತಾಡುತ್ತಿರುವವರು ಅವರೇ ಎಂದು ನಂಬುವುದು ಹೇಗೆ? ನನಗೆ ಹೊಳೆದದ್ದು ಇದು. ವಸತಿಶಾಲೆಗೆ ಸೇರುವ ಮೊದಲು ಅಮ್ಮ ನನ್ನ ಪ್ರತಿ ಬಟ್ಟೆಯ ಒಳಮೂಲೆಯಲ್ಲಿ ಹಸಿರು ದಾರದಿಂದ ಎರಡು ಹೊಲಿಗೆ ಹಾಕಿದ್ದಳು, ಒಂದರ ಮೇಲೊಂದು ಅಡ್ಡಡ್ಡ. "ಯಾರದ್ದೋ ಬಟ್ಟೆ ಹಾಕ್ಕೊಂಡು ಬರಬೇಡ. ಈ ಗುರುತು ನಿಂಗೆ ನಂಗೆ ಮಾತ್ರ ಗೊತ್ತು" ಎಂದಿದ್ದಳು. ಸೇರಿಸಿ ಒಂದು ತಿಂಗಳಾಗುವಷ್ಟರಲ್ಲಿ ಅವಳು ಅಪ್ಪನ ಮನೆ ಬಿಟ್ಟು ಹೋದಳು. ಆಮೇಲೆ ನನಗೆ ಒಂದು ಗೆರೆಯನ್ನೂ ಬರೆಯಲಿಲ್ಲ. ಇದು ನಿಮಗೆ ಗೊತ್ತಿರುವುದೇ. ಉದಾಹರಣೆಯಲ್ಲಿ ಆ ಕೊನೆಯ ಭಾಗ ಬೇಡವೆಂದು ಕಾಣುತ್ತದೆ.

ಅಮ್ಮನ ಮಾತು ಬಂದದ್ದಕ್ಕೆ ಕಾರಣವಿದೆ. ಹೋದ ವಾರ ದೂರದ ಊರಿನ ಒಂದು ಆರೈಕೆಮನೆಯಿಂದ ದಾದಿಯೊಬ್ಬರ ಫೋನು ಬಂತು. ಅಮ್ಮ ಅಲ್ಲಿದ್ದಾಳಂತೆ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಬೆ ಕುಡಿದು ಕುಡಿದು ಎದೆ ಹೋಗಿದೆ, ಹೆಚ್ಚು ದಿನವಿಲ್ಲ. "ಬರ್ತಾಳಾ ಕೇಳಿ" ಎಂದಿದ್ದಾಳಂತೆ. ನಾನು ಹೋಗುವುದಿಲ್ಲ ಮೇಷ್ಟ್ರೇ. ನಾಲ್ಕು ವರ್ಷ ಜಗಲಿಯಲ್ಲಿ ನಿಂತದ್ದು ಸಾಕು.

ಯಾಕಮ್ಮ


ಆಗಸ್ಟ್ 9

ಚಿರಂಜೀವಿ ಯಾಕಮ್ಮನಿಗೆ ಆಶೀರ್ವಾದಗಳು.

ನಿನ್ನ ಜುಲೈ 2ರ ಕಾಗದ ತಲುಪಿತು. ಉತ್ತರ ತಡವಾದುದಕ್ಕೆ ಅನಾರೋಗ್ಯ ಕಾರಣವಲ್ಲ. ಸುಳ್ಳು ಕಾರಣ ಕೊಡುವುದಕ್ಕಿಂತ ಕಾರಣ ಕೊಡದಿರುವುದು ಲೇಸು.

ಒಂಬತ್ತರಿಂದ ಹದಿನಾರರವರೆಗಿನ ಪುಟಗಳನ್ನು ತಿದ್ದಿದ್ದೇನೆ. ಜರಡಿಯ ಉಪಮೆ ಚೆನ್ನಾಗಿದೆ, ಇರಲಿ. "ಅತ್ತೆ" ಬೇಡ. ಹಾಸ್ಯಕ್ಕಾಗಿ ಒಂದು ಸಂಬಂಧವನ್ನೇ ಹಳಿಯಬಾರದು. "ನಡುವಿನವನು" ಎಂದು ತಿದ್ದಿದ್ದೇನೆ.

ಆದರೆ ನಿನ್ನ "ಯಾವಾಗಲೂ" ಎಂಬ ಪದವನ್ನು ನಾನು ಇನ್ನೂ ಒಪ್ಪಿಲ್ಲ. ನಡುವಿನವನು ಓದಿ ಮುಂದಕ್ಕೆ ಕಳಿಸಿದರೆ ಸಿಕ್ಕಿಬೀಳುತ್ತಾನೆ, ಅಷ್ಟು ಅರ್ಥವಾಯಿತು. ಅವನು ಮುಂದಕ್ಕೆ ಕಳಿಸದೆಯೇ ಹೋದರೆ? ಎಲ್ಲವನ್ನೂ ತನ್ನಲ್ಲೇ ಇಟ್ಟುಕೊಂಡರೆ? ಆಗ ನಿನ್ನ ಯಂತ್ರ ಏನು ಹೇಳುತ್ತದೆ? ಇದಕ್ಕೆ ಸ್ಪಷ್ಟವಾದ ಉತ್ತರ ಬೇಕು.

ಹಸಿರು ದಾರದ ಉದಾಹರಣೆಯನ್ನು ಮೂರು ಸಲ ಓದಿದೆ. ಅದನ್ನು ತಿದ್ದಿಲ್ಲ.

ನಿನ್ನ ತಾಯಿಯನ್ನು ಹೋಗಿ ನೋಡು. ಬೇಗ ಹೋಗು.

ಮೇಷ್ಟ್ರು


ಆಗಸ್ಟ್ 20

ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಆಗಸ್ಟ್ 9ರ ಕಾಗದ ತಲುಪಿತು. ಸ್ಪಷ್ಟವಾದ ಉತ್ತರ ಕೇಳಿದ್ದೀರಿ. ಸ್ಪಷ್ಟವಾದ ಉತ್ತರವೆಂದರೆ ನಮ್ಮಲ್ಲಿ ಉತ್ತರವಿಲ್ಲ.

ನಡುವಿನವನು ಎಳೆಯನ್ನೇ ಕತ್ತರಿಸಿದರೆ ಕೀಲಿಯೇ ಹುಟ್ಟುವುದಿಲ್ಲ. ಗುಟ್ಟು ಬಯಲಾಗುವುದಿಲ್ಲ, ಆ ಮಟ್ಟಿಗೆ ಕ್ಷೇಮ. ಆದರೆ ಕಣಗಳನ್ನು ಪಡೆಯುವ ತುದಿಯಲ್ಲಿ ಕೂತವರಿಗೆ ಕಾಣುವುದು ಬರೀ ಖಾಲಿ. ಆಚೆಯವರು ಕಳಿಸಲಿಲ್ಲವೋ, ಕಳಿಸಿದ್ದನ್ನು ಯಾರಾದರೂ ತಡೆದರೋ ಎಂಬುದನ್ನು ಆ ಖಾಲಿ ಹೇಳಲಾರದು. ಎರಡೂ ಒಂದೇ ಥರ ಕಾಣುತ್ತವೆ. ಇನ್ನೂ ಒಂದು ವಿಚಿತ್ರವಿದೆ. ಏನೂ ಬರದಿದ್ದಾಗಲೂ ಯಂತ್ರ ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತದೆ. ಒಳಗಿನ ಶಾಖಕ್ಕೆ ತಾನೇ ಬೆಚ್ಚಿಬೀಳುತ್ತದೆ. ಹೊಸದಾಗಿ ಸೇರಿದವರು ಬಂತು ಬಂತೆಂದು ಓಡುತ್ತಾರೆ. ಹಳಬರು ತಲೆಯೆತ್ತುವುದಿಲ್ಲ.

"ಯಾವಾಗಲೂ" ಎಂಬುದನ್ನು ಹೊಡೆದುಹಾಕಿದ್ದೇನೆ. ನೀವು ಗೆದ್ದಿರಿ.

ಆದರೆ ಕೈಪಿಡಿಯ ಆಚೆಗೂ ನೀವು ತಿದ್ದಲು ಹೊರಟಿದ್ದೀರಿ. "ಬೇಗ ಹೋಗು" ಎಂದಿರಿ. ಯಾಕೆ? ಇಡೀ ಶಾಲೆಯ ಕಾಗದಗಳು ನಿಮ್ಮ ಕೈಮೇಲೆ ಹಾದುಹೋಗುತ್ತಿದ್ದವು. ನೀವು ಒಡೆದು ಓದಿಯೇ ನಮಗೆ ಕೊಡುತ್ತಿದ್ದಿರಿ, ಅದು ನಿಯಮವಾಗಿತ್ತು. ನನಗೆ ಒಂದೇ ಒಂದು ಬಂದಿದ್ದರೂ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತಿತ್ತು? ಬರಲಿಲ್ಲ. ದಾದಿಗೆ ನಿನ್ನೆ ಅದನ್ನೇ ಹೇಳಿದೆ: "ಅವರಿಗೆ ಹೇಳಿ, ನಾನೂ ಬರೆಯೋದಿಲ್ಲ, ಬರೋದೂ ಇಲ್ಲ." ಆಕೆ, "ನೀವೇ ಹೇಳಿ ಮೇಡಂ, ನನ್ನ ಬಾಯಲ್ಲಿ ಬರಲ್ಲ" ಎಂದರು.

ಯಾಕಮ್ಮ


ಸೆಪ್ಟೆಂಬರ್ 15

ಯಾಕಮ್ಮನಿಗೆ,

ನಿನ್ನ ಆಗಸ್ಟ್ 20ರ ಕಾಗದ ತಲುಪಿತು. ಈ ಕಾಗದದೊಂದಿಗೆ ಒಂದು ಮರದ ಪೆಟ್ಟಿಗೆ ಬರುತ್ತಿದೆ. ಅದು ಸೀಮೆಸುಣ್ಣದ ಪೆಟ್ಟಿಗೆ. ಉತ್ತರಪತ್ರಿಕೆಗಳನ್ನು ಕಟ್ಟುವ ದಾರದಿಂದ ಕಟ್ಟಿದ ಮೂವತ್ತೊಂದು ಕಾಗದಗಳು ಅದರೊಳಗಿವೆ. ಎಲ್ಲವೂ ನಿನ್ನ ತಾಯಿಯವು. ಎಲ್ಲವೂ ನಿನಗೆ ಬರೆದವು.

ನಿನ್ನ ತಾಯಿ ಮನೆ ಬಿಟ್ಟ ವಾರದಲ್ಲೇ ನಿನ್ನ ತಂದೆ ಶಾಲೆಗೆ ಬಂದು ನನಗೆ ಬರೆದುಕೊಟ್ಟ ಸೂಚನೆಯಲ್ಲಿ ಎರಡು ವಾಕ್ಯಗಳಿದ್ದವು. ತಾಯಿಯಿಂದ ಬಂದ ಯಾವ ಕಾಗದವನ್ನೂ ಹುಡುಗಿಗೆ ಕೊಡಬಾರದು ಎಂಬುದು ಮೊದಲನೆಯದು. ಬಂದವನ್ನು ಸುಟ್ಟುಬಿಡಬೇಕು ಎಂಬುದು ಎರಡನೆಯದು. ಪೋಷಕರ ಲಿಖಿತ ಸೂಚನೆಯನ್ನು ಮೀರಬಾರದೆಂಬುದು ವಸತಿಶಾಲೆಯ ನಿಯಮ. ಮೊದಲನೆಯ ವಾಕ್ಯವನ್ನು ಪಾಲಿಸಿದೆ, ಎರಡನೆಯದನ್ನು ಪಾಲಿಸಲಿಲ್ಲ. ಅರ್ಧ ವಿಧೇಯತೆ, ಅರ್ಧ ದಯೆ. ಎರಡೂ ಸೇರಿ ಪೂರ್ಣವಾದ ಹೇಡಿತನ.

"ನಿನಗೆ ಕಾಗದ ಬಂದಿಲ್ಲ" ಎಂದು ನಾನು ಒಂದು ದಿನವೂ ಹೇಳಲಿಲ್ಲ. "ನಿನಗೆ ಇಲ್ಲ" ಎಂದೆ. ಸುಳ್ಳಾಡಲಿಲ್ಲವೆಂಬ ಸಮಾಧಾನಕ್ಕಾಗಿ ಆ ಎರಡು ಪದಗಳನ್ನು ಹುಡುಕಿ ಇಟ್ಟುಕೊಂಡಿದ್ದೆ. ಜೀವಮಾನವಿಡೀ ಮಕ್ಕಳಿಗೆ ಪದಗಳ ನಿಖರತೆಯನ್ನು ಕಲಿಸಿದವನು ಅದನ್ನು ಯಾವುದಕ್ಕೆ ಬಳಸಿದನೆಂಬುದನ್ನು ನೋಡು. ಕನ್ನಡಕ ಒರೆಸುತ್ತಿದ್ದುದು ನಿನ್ನ ಮುಖ ಕಾಣದಿರಲೆಂದು.

ನೀನು ಶಾಲೆ ಬಿಟ್ಟ ದಿನ ಕೊಡಬಹುದಿತ್ತು. ನಿನ್ನ ತಂದೆ ಗೇಟಿನ ಬಳಿ ನಿಂತಿದ್ದರು. ಆಮೇಲೆ ನಿನ್ನ ವಿಳಾಸ ನನ್ನ ಬಳಿ ಇರಲಿಲ್ಲ ಎಂದು ಬರೆಯಹೊರಟೆ. ಅದು ಸುಳ್ಳು. ವಿಳಾಸ ದಾಖಲೆಪುಸ್ತಕದಲ್ಲಿತ್ತು. ನಿನ್ನ ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ಕೊಡಬಹುದಿತ್ತು. ಕಾಲ ಕಳೆದಷ್ಟೂ ತಪ್ಪಿನ ಜೊತೆಗೆ ತಡವೂ ಸೇರಿ ಹೊರೆ ಬೆಳೆಯಿತು. ಮೂರು ಸಲ ಕೋಣೆ ಬದಲಾಯಿಸಿದೆ. ಪ್ರತಿ ಸಲವೂ ಈ ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡು ಬಂದೆ, ಕೂಲಿಯವರ ಕೈಗೆ ಕೊಡಲಿಲ್ಲ.

ಪ್ರತಿ ಕಾಗದದ ಮೂಲೆಯಲ್ಲಿ ಹಸಿರು ದಾರದ ಎರಡು ಹೊಲಿಗೆಗಳಿವೆ. ಹಾಳೆಗಳು ಬೇರೆಯಾಗದಿರಲೆಂದು ಹಾಕಿದ್ದಾರೆಂದುಕೊಂಡಿದ್ದೆ. ಒಂದೇ ಹಾಳೆಯ ಕಾಗದಕ್ಕೂ ಏಕೆ ಹೊಲಿಗೆ ಎಂಬುದು ಇಷ್ಟು ವರ್ಷವೂ ಬಗೆಹರಿದಿರಲಿಲ್ಲ. ನಿನ್ನ ಜುಲೈ ತಿಂಗಳ ಕಾಗದದಿಂದ ಬಗೆಹರಿಯಿತು. ಅಂದಿನಿಂದ ಅಂಚೆ ಕಚೇರಿಯವರೆಗೆ ನಾಲ್ಕು ಸಲ ಹೋಗಿ ಹಿಂತಿರುಗಿದ್ದೇನೆ. ಇಂದು ಐದನೆಯ ಸಲ.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳದೆಯೇ ಅದು ಪೆಟ್ಟಿಗೆ ತೆರೆದಾಗ ನಿನ್ನ ಕಣ್ಣಿಗೆ ಬೀಳಬಾರದು. ನಾನು ಆ ಕಾಗದಗಳನ್ನು ಓದಿದೆ. ಕೈಯಲ್ಲಿ ಪೆನ್ಸಿಲ್ ಇತ್ತು. ಅಭ್ಯಾಸ.

ಕ್ಷಮೆ ಕೇಳುವ ಅರ್ಹತೆ ನನಗಿಲ್ಲವಾದ್ದರಿಂದ ಕೇಳುತ್ತಿಲ್ಲ. ಅಮ್ಮನನ್ನು ನೋಡಲು ಹೊರಡು. ಇದಕ್ಕೆ ಉತ್ತರ ಬರೆಯಲು ಕೂರಬೇಡ. ಹೊರಡು.

ನಡುವಿನವನು


ನವೆಂಬರ್ 10

ಯಾಕಮ್ಮನಿಗೆ,

ಪೆಟ್ಟಿಗೆ ಮುಟ್ಟಿದ್ದಕ್ಕೆ ನೀನು ಸಹಿ ಮಾಡಿದ ಅಂಚೆ ರಸೀದಿ ಸೆಪ್ಟೆಂಬರ್ 24ರಂದು ತಲುಪಿತು. ಬಳಿಕ ನಿನ್ನಿಂದ ಏನೂ ಬಂದಿಲ್ಲ. ಬರಬೇಕೆಂಬ ನಿರೀಕ್ಷೆಯಿಂದ ಇದನ್ನು ಬರೆಯುತ್ತಿಲ್ಲ.

ಕೈಪಿಡಿಯ ಕೊನೆಯ ಎಂಟು ಪುಟಗಳು ನನ್ನಲ್ಲೇ ಉಳಿದಿದ್ದವು. ತಿದ್ದಿ ಕಳಿಸಿದ್ದೇನೆ. ನಿನ್ನ ಅಚ್ಚಿನ ಕೆಲಸ ನನ್ನಿಂದಾಗಿ ನಿಲ್ಲಬಾರದು. ಒಂಬತ್ತನೆಯ ಪುಟದ ಉದಾಹರಣೆ ಇನ್ನು ಬೇಡವೆನಿಸಿದರೆ ತೆಗೆದುಹಾಕು. ಆ ಜಾಗಕ್ಕೆ ಬೇರೊಂದನ್ನು ಬರೆದುಕೊಡುತ್ತೇನೆ.

ಶನಿವಾರಗಳಂದು ಅಂಚೆಯವನು ಮಧ್ಯಾಹ್ನ ಎರಡಕ್ಕೆ ಬರುತ್ತಾನೆ. ರಟ್ಟಿನವನು ಈಗ ಮೆಟ್ಟಿಲ ಬುಡದಿಂದ ಕೂಗುವುದಿಲ್ಲ. ಮೇಲೆ ಹತ್ತಿ ಬಂದು, ಬಾಗಿಲಲ್ಲಿ ನಿಂತು, "ಇಲ್ಲ ಮೇಷ್ಟ್ರೇ" ಎಂದಷ್ಟೇ ಹೇಳಿ ಇಳಿದುಹೋಗುತ್ತಾನೆ. ಅವನಿಗೆ ಏನೂ ಗೊತ್ತಿಲ್ಲ.

ಮೇಷ್ಟ್ರು


ಜನವರಿ 19

ಮೇಷ್ಟ್ರಿಗೆ,

ನಿಮ್ಮ ಸೆಪ್ಟೆಂಬರ್ 15ರ ಕಾಗದ, ಪೆಟ್ಟಿಗೆ, ನವೆಂಬರ್ 10ರ ಕಾಗದ ಎಲ್ಲವೂ ತಲುಪಿದವು. ತಲುಪಿದ್ದನ್ನು ತಿಳಿಸಲು ನಾಲ್ಕು ತಿಂಗಳು ತಡ ಮಾಡಿದೆ. ಬೇಕೆಂದೇ ಮಾಡಿದೆ. ಪೆಟ್ಟಿಗೆ ಬಂದ ದಿನ ನಿಮಗೆ ಬರೆದದ್ದನ್ನು ಹರಿದೆ, ಮರುದಿನ ಬರೆದದ್ದನ್ನೂ ಹರಿದೆ. ಅವುಗಳಲ್ಲಿದ್ದ ಮಾತುಗಳನ್ನು ನಿಮಗೆ ಯಾವ ಬಣ್ಣದ ಪೆನ್ಸಿಲ್ಲಿನಿಂದಲೂ ತಿದ್ದಲಾಗುತ್ತಿರಲಿಲ್ಲ.

ಮೂರನೆಯ ದಿನ ಹೊರಟೆ. ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿತ್ತು. ದಾರ ಬಿಚ್ಚಲಿಲ್ಲ. ಹೊರಡುವ ಮುನ್ನ ನಿಧಾನಿಗೆ ಗೋಡೆಯ ಫೋನಿನಲ್ಲಿ, "ಕೆಲವು ದಿನ ಈಚೆಯಿಂದ ಏನೂ ಬರಲ್ಲ. ಎಳೆ ತುಂಡಾಗಿದೆ ಅಂದ್ಕೋಬೇಡಿ. ನಾನು ಇರಲ್ಲ, ಅಷ್ಟೇ" ಎಂದೆ. ಅವರು, "ಹೇಳಿದ್ದು ಒಳ್ಳೇದಾಯ್ತು. ಕಾಯ್ತೀನಿ" ಎಂದರು.

ಅಮ್ಮ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಳು. ಬಟ್ಟೆ ಒಗೆದು ಒಗೆದು ಬೆರಳುಗಳ ತುದಿಗಳು ಸಪಾಟಾಗಿದ್ದವು. ನನ್ನನ್ನು ನೋಡಿ ಮೊದಲು ಆಡಿದ ಮಾತು, "ಎಷ್ಟು ಸಣ್ಣಗಾಗಿದೀಯೇ." ಕೊನೆಯ ಸಲ ನೋಡಿದಾಗ ನನಗೆ ಹತ್ತು ವರ್ಷ. ನಾನು ಏನನ್ನೂ ವಿವರಿಸಲಿಲ್ಲ. ಪೆಟ್ಟಿಗೆಯನ್ನು ಹಾಸಿಗೆಯ ಮೇಲಿಟ್ಟು ದಾರ ಬಿಚ್ಚಿದೆ. ಮೊದಲನೆಯ ಕಾಗದವನ್ನು ಕೈಗೆತ್ತಿಕೊಂಡು, ಮೂಲೆಯ ಹಸಿರು ದಾರವನ್ನು ಉಗುರಿನಿಂದ ಮುಟ್ಟಿ ನೋಡಿದಳು. ಆಮೇಲೆ ಬೆಳಕಿಗೆ ಹಿಡಿದಳು.

"ಇದೇನೇ, ಮೈಯೆಲ್ಲಾ ಕೆಂಪು?"

"ಮೇಷ್ಟ್ರು ತಿದ್ದಿದ್ದು ಅಮ್ಮಾ."

"ನನ್ನ ಕಾಗದಾನಾ?"

"ಹೂಂ."

ನಾನು ಅವಳ ಸಿಟ್ಟಿಗೆ ಕಾಯುತ್ತಿದ್ದೆ ಮೇಷ್ಟ್ರೇ. ನನ್ನದಕ್ಕೆ ಜೊತೆಯಾಗಲೆಂದು ಕಾಯುತ್ತಿದ್ದೆ. ಅವಳು ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ದಾದಿ ಓಡಿಬರಬೇಕಾಯಿತು. ಉಸಿರು ಹತೋಟಿಗೆ ಬಂದ ಮೇಲೆ ಹೇಳಿದಳು: "ಹಾಗಾದ್ರೆ ಒಬ್ಬರಾದ್ರೂ ಓದಿದಾರೆ ಅನ್ನು. ಪಾಳುಬಾವಿಗೆ ಹಾಕ್ತಿದೀನಿ ಅಂದ್ಕೊಂಡಿದ್ದೆ ಕಣೇ."

ಪ್ರತಿ ಕಾಗದದ ಕೊನೆಗೂ ಒಂದೇ ಸಾಲು ಇದೆ, ನಿಮಗೆ ಗೊತ್ತು: "ತಲುಪಿದ್ದಕ್ಕೆ ಎರಡಕ್ಷರ ಬರಿ." ದಿನಕ್ಕೊಂದರಂತೆ ನಾನು ಓದಿ ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು, ಬೇರೆ ಯಾರೋ ಬರೆದದ್ದನ್ನು ಕೇಳುವವಳಂತೆ, "ಹೌದಾ?" "ಆಮೇಲೆ?" ಎನ್ನುತ್ತಿದ್ದಳು. ಸ್ವೆಟರು ಬಿಗಿಯಾಗಿದ್ದರೆ ತೋಳು ಬಿಚ್ಚಿ ಮತ್ತೆ ಹೆಣೆಯಬಹುದು, ಬಿಸಾಡಬೇಡ ಎಂದು ಬರೆದಿದ್ದಳಲ್ಲ, ಅದನ್ನು ಓದಿದ ದಿನ, "ಬಿಸಾಡಿದೆಯಾ?" ಎಂದು ಕೇಳಿದಳು. ಇಲ್ಲ ಎಂದೆ. ಅದು ಸುಳ್ಳು. ಓದಿದ ಮೇಲೆ ಅಲ್ಲೇ ಹಾಸಿಗೆಯ ಅಂಚಿನಲ್ಲಿ ಕೂತು ಉತ್ತರ ಬರೆಯುತ್ತಿದ್ದೆ, ನೀವು ಕಲಿಸಿದ ಕ್ರಮದಲ್ಲೇ: "ಪೂಜ್ಯ ಅಮ್ಮನಿಗೆ ನಮಸ್ಕಾರಗಳು. ನಿನ್ನ ಮಾರ್ಚ್ 11ರ ಕಾಗದ ತಲುಪಿತು." ತಾರೀಖು ತಪ್ಪಿಸಲಿಲ್ಲ. ಮಡಿಸಿ ಕೈಗೆ ಕೊಡುತ್ತಿದ್ದೆ. ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.

ಹತ್ತೊಂಬತ್ತಕ್ಕೆ ಉತ್ತರ ಬರೆದೆ. ಇಪ್ಪತ್ತನೆಯ ದಿನ ಬೆಳಿಗ್ಗೆ ಅವಳು ಇರಲಿಲ್ಲ.

ನಿಮಗೆ ಹೇಳಬೇಕಾದ ಒಂದು ಸಂಗತಿ ಉಳಿದಿದೆ. ಓದಿದವನು ಗುರುತು ಬಿಡದೆ ಹೋಗಲಾರ ಎಂದು ಕೈಪಿಡಿಯಲ್ಲಿ ಬರೆದವಳು ನಾನೇ. ನಿಮ್ಮ ಗುರುತುಗಳನ್ನು ಎಣಿಸಿದ್ದೇನೆ. ಮೊದಲ ಒಂಬತ್ತು ಕಾಗದಗಳಲ್ಲಿ ಒಂದು ಸಾಲನ್ನೂ ಬಿಟ್ಟಿಲ್ಲ. ಹತ್ತನೆಯದರಲ್ಲಿ ಅಮ್ಮ ಬರೆದದ್ದು: "ನನ್ನ ಅಕ್ಷರ ಓದಕ್ಕಾಗದೆ ನೀನು ಬರೀತಿಲ್ಲವೇನೋ ಅಂತ ಪಕ್ಕದ ಮನೆಯವರ ಹತ್ತಿರ ತಿದ್ದಿ ಕಲೀತಿದೀನಿ." ಆ ಸಾಲಿನ ನಡುವೆ ನಿಮ್ಮ ಪೆನ್ಸಿಲ್ಲಿನ ಮೊನೆ ಮುರಿದ ಚುಕ್ಕೆಯೊಂದಿದೆ. ಅಲ್ಲಿಂದ ಮುಂದೆ ಹತ್ತೊಂಬತ್ತರವರೆಗೂ ಕೆಂಪಿಲ್ಲ. ಆಮೇಲೂ ನೀವು ಪ್ರತಿ ಶನಿವಾರ "ನಿನಗೆ ಇಲ್ಲ" ಎಂದಿರಿ. ಅದಕ್ಕೆ ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸುವೆನೋ ಇಲ್ಲವೋ ಈಗ ಹೇಳಲಾರೆ.

ಕೈಪಿಡಿ ಅಚ್ಚಾಗಿದೆ, ಒಂದು ಪ್ರತಿ ಕಳಿಸಿದ್ದೇನೆ. ಹಸಿರು ದಾರ ಒಂಬತ್ತನೆಯ ಪುಟದಲ್ಲೇ ಇದೆ. ಮೂರನೆಯ ಪುಟಕ್ಕೆ ಒಂದು ವಾಕ್ಯ ಸೇರಿಸಿದ್ದೇನೆ: "ಆಚೆಯಿಂದ ಏನೂ ಬಾರದಿದ್ದರೆ, ಅವರು ಕಳಿಸಲಿಲ್ಲವೆಂದು ತೀರ್ಮಾನಿಸಬೇಡಿ. ಬೇರೊಂದು ದಾರಿಯಿಂದ ಹೋಗಿ ಕೇಳಿ." ಮುಖ್ಯಸ್ಥರು, "ಇದು ಗುಮಾಸ್ತರಿಗೆ ಯಾಕಮ್ಮಾ?" ಎಂದರು. ಇರಲಿ ಎಂದೆ.

ಇನ್ನು ಹನ್ನೆರಡು ಕಾಗದಗಳು ಉಳಿದಿವೆ. ನಾನು ಬಿಡಿಸಿಲ್ಲ. ಒಬ್ಬಳೇ ಕೂತು ಓದಲು ಆಗುತ್ತಿಲ್ಲ, ಎರಡು ಸಲ ಪ್ರಯತ್ನಿಸಿದೆ. ಅವುಗಳಲ್ಲಿ ಏನಿದೆಯೆಂದು ಬಲ್ಲವರು ಈಗ ಲೋಕದಲ್ಲಿ ನೀವೊಬ್ಬರೇ. ಮಾರ್ಚ್ ಮೊದಲ ಶನಿವಾರ ಮಧ್ಯಾಹ್ನ ಎರಡಕ್ಕೆ ಬರುತ್ತೇನೆ. ಹನ್ನೆರಡು ದಿನ ರಜೆ ಹಾಕಿದ್ದೇನೆ. ದಿನಕ್ಕೊಂದರಂತೆ ನೀವು ಓದಿ ಹೇಳಬೇಕು, ನಾನು ಉತ್ತರ ಬರೆಯಬೇಕು. ಪೆನ್ಸಿಲ್ ಕೋಣೆಯ ಹೊರಗಿರಲಿ.

ಯಾಕಮ್ಮ


ಫೆಬ್ರವರಿ 3

ಚಿರಂಜೀವಿ ಯಾಕಮ್ಮನಿಗೆ,

ನಿನ್ನ ಜನವರಿ 19ರ ಕಾಗದ ತಲುಪಿತು.

ಕೆಳಗಿನ ಅಂಗಡಿಯಿಂದ ಆ ಎರಡನೆಯ ಕುರ್ಚಿಯನ್ನು ಮೇಲೆ ತರಿಸಿದ್ದೇನೆ. ಕಿಟಕಿಯ ಬಳಿ ಹಾಕಿದೆ.

ಮೇಷ್ಟ್ರು